ಬುಧವಾರ ಹೊರಟು ಮಂಗಳವಾರ ತಲುಪುವುದು

ಕಳೆದ ಭಾನುವಾರ ನಮ್ಮ ಪಕ್ಕದ ಮನೆಯ ರಾಯರು ನನ್ನನ್ನು ಬುಧವಾರ ಬೆಳಗ್ಗೆ ಹೊರಡಿಸಿ, ಮಂಗಳವಾರ ಮಧ್ಯಾಹ್ನ ಊರು ತಲುಪಿಸಿದರು.

ತಲುಪಿಸಿದವರು ಅವರೇ, ಬೆವರಿದವರೂ ಅವರೇ. ಪೆನ್ಸಿಲ್ ಕೆಳಗಿಟ್ಟರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕಾಗದ ನೋಡಿದರು. ಬುಧವಾರ ಬುಧವಾರವಾಗಿಯೇ ಇತ್ತು. ಮಂಗಳವಾರವೂ ಅಲ್ಲಾಡಿರಲಿಲ್ಲ.

“ಎಲ್ಲೋ ಪ್ರಿಂಟಿಂಗ್ ಮಿಸ್ಟೇಕು ಸ್ವಾಮಿ,” ಎಂದರು. “ಮೂವತ್ತು ವರ್ಷ ಟೈಂಟೇಬಲ್ ಮಾಡಿದೀನಿ. ಲೇಟಾಗಿ ಬರೋ ಗಾಡಿ ನೋಡಿದೀನಿ. ಬರದೇ ಇರೋ ಗಾಡೀನೂ ನೋಡಿದೀನಿ. ಹೊರಡೋಕ್ಕೆ ಮುಂಚೆ ತಲುಪೋ ಗಾಡಿ ಮಾತ್ರ ನೋಡಿಲ್ಲ.”

ರಾಯರು ರೈಲ್ವೆಯಲ್ಲಿ ಟೈಂಟೇಬಲ್ ತಯಾರಿಸುತ್ತಿದ್ದು ರಿಟೈರ್ ಆದವರು. ಜಯನಗರದಲ್ಲಿ ಮನೆ ಕಟ್ಟಿಸಿಕೊಂಡು ಬಂದ ಮೇಲೆ ಅವರ ಕೈಗೆ ಕೆಲಸವಿಲ್ಲ. (ನಮ್ಮ ಬಡಾವಣೆಗೆ ಬರುವ ಬಸ್ಸು ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ. ರಾಯರ ರಕ್ತದೊತ್ತಡಕ್ಕೆ ಇದು ಒಳ್ಳೆಯದಲ್ಲ.) ಹಾಗಾಗಿ ಯಾರು ಯಾವ ಊರಿಗೆ ಹೊರಟರೂ ಅವರೇ ಕರೆದು ಕೂರಿಸಿ ಪ್ಲಾನ್ ಹಾಕಿಕೊಡುತ್ತಾರೆ. ಕಾಶಿ, ರಾಮೇಶ್ವರ, ಮಗಳ ಮನೆ, ಯಾವುದಾದರೂ ಸರಿ. ಹೊರಡದವರಿಗೂ ಹಾಕಿಕೊಡುತ್ತಾರೆ.

ಈ ಸಲ ನಾನು ಅವರಿಗೆ ಕೊಟ್ಟ ಊರು ಸಮೋವಾ.

ಪೆಸಿಫಿಕ್ ಸಾಗರದ ನಟ್ಟನಡುವೆ ಇದೆಯಂತೆ. ಈಚೆಗಷ್ಟೇ ಸ್ವತಂತ್ರವಾಯಿತು. ನಮ್ಮ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು, ನೀವು ಓದಿರುವುದಿಲ್ಲ. ನಾನು ಕತ್ತರಿಸಿ ಇಟ್ಟುಕೊಂಡೆ. ಆಮೇಲೆ ಲೈಬ್ರರಿಗೆ ಹೋಗಿ ಅಟ್ಲಾಸ್ ತೆಗೆದೆ. ಅಷ್ಟು ನೀಲಿಯ ಮಧ್ಯೆ ಎರಡು ಚುಕ್ಕೆ. ಇರುವೆ ನಡೆದುಹೋದ ಗುರುತೋ, ದೇಶವೋ ಎಂದು ಬೆರಳಿನಿಂದ ಉಜ್ಜಿ ನೋಡಿದೆ. ಹೋಗಲಿಲ್ಲ. ದೇಶವೇ.

ರಾಯರ ಪ್ಲಾನ್ ಕೇಳಿ. ಮದರಾಸಿಗೆ ರೈಲು. ಅಲ್ಲಿಂದ ಧನುಷ್ಕೋಟಿ. ಚಿಕ್ಕ ಹಡಗಿನಲ್ಲಿ ಸಿಲೋನು. ಕೊಲಂಬೊದಲ್ಲಿ ದೊಡ್ಡ ಹಡಗು ಹತ್ತಿ ಸಿಡ್ನಿ. ಸಿಡ್ನಿಯಿಂದ ಫಿಜಿ ದ್ವೀಪದ ಸುವಾ. ಸುವಾದಿಂದ ಸಣ್ಣ ವಿಮಾನದಲ್ಲಿ ಸಮೋವಾದ ರಾಜಧಾನಿ ಅಪಿಯಾ. (ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳಬೇಡಿ. ಪ್ಲಾನ್ ಮಾಡುವುದಕ್ಕೆ ಟಿಕೆಟ್ ಬೇಕಿಲ್ಲ.) ಆ ಕೊನೆಯ ವಿಮಾನದ ಹತ್ತಿರವೇ ರಾಯರು ಸಿಕ್ಕಿಹಾಕಿಕೊಂಡದ್ದು. ಬುಧವಾರ ಬೆಳಗ್ಗೆ ಸುವಾ ಬಿಡುತ್ತದೆ. ಮಂಗಳವಾರ ಮಧ್ಯಾಹ್ನ ಅಪಿಯಾ ಸೇರುತ್ತದೆ.

ನಾನು ಹೇಳಿದೆ. ಸಮುದ್ರದ ಮಧ್ಯೆ ದಿನಾಂಕ ರೇಖೆ ಅಂತ ಒಂದು ಗೆರೆ ಇದೆ ರಾಯರೇ. ಕಣ್ಣಿಗೆ ಕಾಣುವುದಿಲ್ಲ. ಗೆರೆಯ ಈಚೆಗೆ ಬುಧವಾರವಾದರೆ ಆಚೆಗೆ ಇನ್ನೂ ಮಂಗಳವಾರ. ದಾಟಿದರೆ ನಿನ್ನೆಗೆ ಹೋಗಿ ಇಳಿಯುತ್ತೀರಿ.

ರಾಯರು ಕಾಗದದ ಮೇಲೆ ಒಂದು ಗೆರೆ ಎಳೆದು ನೋಡಿದರು.

“ಅಂದ್ರೆ ಒಂದು ದಿನ ಫ್ರೀಯಾಗಿ ಕೊಡ್ತಾರಾ?”

“ಬರುವಾಗ ವಾಪಸ್ ತಗೊಳ್ತಾರೆ.”

“ಅದಾದ್ರೆ ಸರಿ,” ಎಂದರು. ಟೈಂಟೇಬಲ್ಲಿನ ಮೇಲೆ ಅವರಿಗೆ ಮತ್ತೆ ನಂಬಿಕೆ ಬಂತು.

ನನ್ನ ನಂಬಿಕೆ ಮಾತ್ರ ಅಲ್ಲಿಂದ ಅಲುಗಾಡತೊಡಗಿತು. ಫ್ರೀಯಾಗಿ ಸಿಗುವ ದಿನ ವಾರದ ಏಳರಲ್ಲಿ ಮಂಗಳವಾರವೇ ಆಗಬೇಕಿತ್ತೇ? ನನ್ನ ಬದುಕಿನಲ್ಲಿ ಒಂದು ಮಂಗಳವಾರ ಇದೆ. ಆವತ್ತು ನಾನು ಅಮ್ಮನಿಗೆ ಒಂದು ತಂತಿ ಕಳಿಸಿದೆ. ಕಳಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕಳಿಸಿದೆನೇ?

ಮೊದಲು ಈ ಸಮೋವಾ ನನ್ನ ತಲೆಗೆ ಹೇಗೆ ಹೊಕ್ಕಿತು ಎಂದು ಹೇಳಿಬಿಡುತ್ತೇನೆ.

ನಮ್ಮ ಅಪ್ಪ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ಆಗ ನಾವು ಬಸವನಗುಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಶಾಲೆಯ ಗ್ಲೋಬು ಹೆಡ್‌ಮಾಸ್ಟರರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಹಾಗಾಗಿ ಮನೆಯಲ್ಲಿ ಅಪ್ಪ ನನಗೆ ಪ್ರಪಂಚವನ್ನು ಚಕ್ಕೋತದ ಹಣ್ಣಿನ ಮೇಲೆ ತೋರಿಸಿದರು. ಮಸಿಯಲ್ಲಿ ಗೆರೆ ಎಳೆದರು. ದಿನಾಂಕ ರೇಖೆಯ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟು, “ಇದು ಸಮೋವಾ. ಇಲ್ಲಿ ನಿನ್ನೆ ಇನ್ನೂ ಮುಗಿದಿಲ್ಲ. ಒಂದು ಸಲ ಹೋಗಿ ಬರೋಣ,” ಎಂದರು. ಆಮೇಲೆ ಪ್ರಪಂಚವನ್ನು ಸುಲಿದು ನಾವಿಬ್ಬರೂ ತಿಂದೆವು. ಕೆಂಪು ತೊಳೆ, ನಾಲಿಗೆಯ ತುದಿಯಲ್ಲಿ ಸ್ವಲ್ಪ ಕಹಿ. ಆ ಕಹಿ ಈಗಲೂ ಬಾಯಲ್ಲಿದೆ.

ಇದನ್ನು ನಾನು ವರಾಂಡದಲ್ಲಿ ರಾಯರಿಗೆ ವರ್ಣಿಸುತ್ತಿದ್ದೆ. ಅಮ್ಮ ಒಳಗೆ ಹೂಬತ್ತಿ ಹೊಸೆಯುತ್ತಿದ್ದವರು ಅಲ್ಲಿಂದಲೇ ಕೂಗಿದರು.

“ಚಕ್ಕೋತ ಅಲ್ಲ ಕಣೋ, ತೆಂಗಿನಕಾಯಿ!”

“ಏನಮ್ಮ?”

“ತೆಂಗಿನಕಾಯಿ. ಸೀಮೆಸುಣ್ಣದಲ್ಲಿ ಗೀಚಿದ್ರು. ಜುಟ್ಟಿರೋ ಕಡೆ ಉತ್ತರ ಧ್ರುವ ಅಂತ. ಚಕ್ಕೋತ ನಿಮ್ಮಪ್ಪನಿಗೆ ಆಗ್ತಾನೇ ಇರ್ಲಿಲ್ಲ, ಶೀತ ಆಗೋದು. ಆ ಕಾಯೀನ ಸಂಜೆ ಗಣಪತಿ ಗುಡೀಲಿ ಒಡೆಸಿದ್ದು ನಾನು. ಇದೇನಮ್ಮ ಕಾಯಿ ಮೇಲೆ ರಂಗೋಲಿ ಅಂತ ಅರ್ಚಕರು ಕೇಳಿದ್ರು.”

ರಾಯರು ನನ್ನ ಮುಖ ನೋಡಿದರು. ನಾನು ಸರ್ವೆ ಮರದ ಕಡೆ ನೋಡಿದೆ.

ಹಾಗಾದರೆ ನಾನು ತಿಂದದ್ದು ಏನು? ಈ ಕಹಿ ಎಲ್ಲಿಯದು? ನಾನು ಫಿಲಾಸಫಿಯಲ್ಲಿ ಎಂ.ಎ. ಮಾಡಿದವನು. ಕಣ್ಣಾರೆ ಕಂಡದ್ದನ್ನೂ ಒಂದು ಸಲ ಅನುಮಾನಿಸು ಎಂದು ಎರಡು ವರ್ಷ ಹೇಳಿಕೊಟ್ಟರು. ನಾಲಿಗೆಯಾರೆ ತಿಂದದ್ದನ್ನೂ ಅನುಮಾನಿಸಬೇಕೆಂದು ಯಾರೂ ಹೇಳಿರಲಿಲ್ಲ.

ಇಷ್ಟಾದರೂ ಸಮೋವಾ ನನ್ನನ್ನು ಬಿಡಲಿಲ್ಲ. ಲೈಬ್ರರಿಯಿಂದ ಒಂದು ಪುಸ್ತಕ ತಂದು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಓದಿ ಹೇಳಿದೆ. ಅಲ್ಲಿಯ ಮನೆಗಳಿಗೆ ಗೋಡೆ ಇಲ್ಲ. ಕಂಬ, ಮೇಲೆ ಗರಿ ಹೊದಿಸಿದ ಚಾವಣಿ, ಅಷ್ಟೇ. ನಾಲ್ಕೂ ಕಡೆಯಿಂದ ಸಮುದ್ರದ ಗಾಳಿ.

“ಸೀರೆ ಎಲ್ಲಿ ಬದಲಾಯಿಸ್ತಾರ್ರೀ?” ಎಂದಳು ನನ್ನ ಹೆಂಡತಿ ಲಲಿತ.

ಪುಸ್ತಕದಲ್ಲಿ ಇರಲಿಲ್ಲ. ಮುಂದಿನ ಪುಟಕ್ಕೆ ಹೋದೆ. ಅಲ್ಲಿಯವರು ಕೆಸುವಿನ ಎಲೆಯಲ್ಲಿ ತೆಂಗಿನಹಾಲು ಕಟ್ಟಿ ಬಿಸಿ ಕಲ್ಲಿನ ಮೇಲೆ ಬೇಯಿಸುತ್ತಾರೆ.

“ಹುಣಸೆಹಣ್ಣು ಹಾಕಲ್ವಾ?” ಅಮ್ಮ ಗಾಬರಿಯಾದರು. “ಗಂಟಲು ಕೆರೆಯುತ್ತಲ್ಲೋ!”

ಮಾರನೆಯ ದಿನ ಈ ವಿಷಯ ಗೇಟಿನ ಬಳಿ ಮತ್ತೆ ಎದ್ದಿತು. ಕತ್ರಿಗುಪ್ಪೆಯಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುವ ಮುನಿಯಮ್ಮ ಎಲ್ಲವನ್ನೂ ಕೇಳಿ, “ಕೆರೆಯೋ ಸೊಪ್ಪು ತಿನ್ನಾಕೆ ಅಷ್ಟು ದೂರ ವೋಗ್ಬೇಕಾ ಸೋಮಿ? ನಮ್ಮ ಕೆರೆ ಕೋಡಿ ತಾವೇ ಬೇಕಾದಂಗೆ ಐತೆ,” ಎಂದು ಬುಟ್ಟಿ ಎತ್ತಿಕೊಂಡಳು.

ಅಮ್ಮನ ನಿಜವಾದ ಚಿಂತೆ ಬೇರೆ ಇತ್ತು. ಅದನ್ನು ಅವರು ರಾಯರ ಮುಂದೆಯೇ ಇಟ್ಟರು.

“ರಾಯರೇ, ಗೆರೆ ದಾಟೋ ದಿನ ಏಕಾದಶಿ ಬಂದ್ರೆ?”

“ಬಂದ್ರೆ ಬರ್ಲಿ ತಾಯಿ.”

“ಒಂದೇ ದಿನ ಎರಡು ಸಲ ಬರುತ್ತೆ ಅಂದ್ರಲ್ಲ. ಎರಡು ದಿನ ಉಪವಾಸಾನಾ?”

ರಾಯರು ಪೆನ್ಸಿಲ್ ಕೈಗೆತ್ತಿಕೊಂಡರು. ಲೆಕ್ಕ ಹಾಕಿದರು. ಅವರ ಮುಖ ಸಪ್ಪಗಾಯಿತು.

“ಹೋಗೋವಾಗ ಪರವಾಗಿಲ್ಲ ತಾಯಿ. ಬರೋವಾಗ ಏಕಾದಶಿ ರಾತ್ರಿ ಹೊರಟ್ರೆ, ದ್ವಾದಶೀನೇ ಇಲ್ಲ. ನೇರ ತ್ರಯೋದಶಿ.”

“ಪಾರಣೆ?”

“ಸಮುದ್ರಪಾಲು.”

ಉಪವಾಸವಿದ್ದು ಮರುದಿನ ಊಟವೇ ಇಲ್ಲದ ಊರು! ಅಮ್ಮ ಸಮೋವಾದ ಜನರಿಗಾಗಿ ನಿಜವಾಗಿ ಮರುಗಿದರು. ಅವರಿಗೆ ಏಕಾದಶಿಯೇ ಇಲ್ಲ ಎಂದು ನಾನು ಹೇಳಿದ ಮೇಲೆ ಸಮಾಧಾನವಾಯಿತು. ಆಮೇಲೆ, ಬತ್ತಿ ಹೊಸೆಯುತ್ತ, ಯಾರನ್ನೂ ನೋಡದೆ ಕೇಳಿದರು.

“ಏನೋ, ಆ ಗೆರೆ ದಾಟಿದ್ರೆ ಯಾವ ನಿನ್ನೆ ಬೇಕಾದ್ರೂ ಸಿಗುತ್ತಾ? ಹಿಂದಿನ ದಿನ ಮಾತ್ರಾನಾ?”

“ಹಿಂದಿನ ದಿನ ಮಾತ್ರ ಅಮ್ಮ.”

“ಹೂಂ. ಒಂದೇ ದಿನ,” ಎಂದರು. “ಒಂದೇ ದಿನ ಸಾಕಿತ್ತು.”

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಇನ್ನು ಮುಂದೂಡಲು ಆಗುವುದಿಲ್ಲ.

ಹತ್ತು ವರ್ಷದ ಮೇಲಾಯಿತು. ನಾನು ಆಗತಾನೇ ಎಂ.ಎ. ಮುಗಿಸಿ ಪುರಾವೆ ಇಲ್ಲದೆ ಏನನ್ನೂ ನಂಬದ ಸ್ಥಿತಿಯಲ್ಲಿದ್ದೆ. ಅಮ್ಮ ತಮ್ಮ ತಂಗಿಯ ಮಗಳ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಬುಧವಾರ ಧಾರೆ. ಮಂಗಳವಾರ ಬೆಳಗ್ಗೆ ಅಪ್ಪ ಎದೆ ಉರಿ ಎಂದರು. ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟರು. ಅಮ್ಮ ಬಂದು ಇಳಿದದ್ದು ಗುರುವಾರ ಬೆಳಗ್ಗೆ. ಮದುವೆಮನೆಯ ಸೀರೆಯಲ್ಲೇ ಬಂದಿದ್ದರು. ಮುಡಿಯಲ್ಲಿ ಮಲ್ಲಿಗೆ ಬಾಡಿತ್ತು.

ತಂತಿ ಮಂಗಳವಾರವೇ ಹೋಗಿದ್ದರೆ ಅವರು ಅಂದಿನ ರಾತ್ರಿ ರೈಲಿಗೆ ಹತ್ತಿ ಬುಧವಾರ ಬೆಳಗ್ಗೆ ಬಂದಿರುತ್ತಿದ್ದರು. ಅಪ್ಪನ ಜೊತೆ ಒಂದು ಇಡೀ ಹಗಲು ಸಿಗುತ್ತಿತ್ತು.

ಮಂಗಳವಾರವೇ ಹೋಯಿತು ಎಂಬುದು ನನ್ನ ನೆನಪು. ಅದೆಂಥ ನೆನಪು ಗೊತ್ತೇ? ಸೈಕಲ್ ತೆಗೆದೆ. ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ. ಉರಿಬಿಸಿಲು. ಪೋಸ್ಟಾಫೀಸಿನ ಗುಮಾಸ್ತ ಪೆನ್ಸಿಲ್ ತುದಿಯಿಂದ ಪದಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. ಅವನ ಕಿವಿಯ ಮೇಲೆ ಇನ್ನೊಂದು ಪೆನ್ಸಿಲ್. ಶಿವಮೊಗ್ಗದ ಕಡೆ ತಂತಿ ತಡವಾಯಿತು, ಅದಕ್ಕೆ ನಾನೇನು ಮಾಡಲಿ? ನೆಂಟರಿಗೆಲ್ಲ ಹೀಗೇ ಹೇಳಿದ್ದೇನೆ. ಅಮ್ಮನಿಗೂ. ಗಾಳಿ ಕಡಿಮೆಯಿದ್ದ ಚಕ್ರವನ್ನು ಒಂದು ಸಲವೂ ಬಿಟ್ಟಿಲ್ಲ.

ಆದರೆ ಆ ಪೋಸ್ಟಾಫೀಸು ಈಗ ನನಗೆ ಚಕ್ಕೋತದಷ್ಟೇ ಸ್ಪಷ್ಟವಾಗಿದೆ. ಅದೇ ತೊಂದರೆ.

ಮಧ್ಯಾಹ್ನದ ಹೊತ್ತು ವರಾಂಡದ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಮೋವಾ ಬರುತ್ತದೆ. ನಮ್ಮೆದುರಿನ ಸೈಟುಗಳು ಇನ್ನೂ ಖಾಲಿ. ಸೊಂಟದೆತ್ತರ ಹುಲ್ಲು. ಬನಶಂಕರಿಯ ಕಡೆಯಿಂದ ಗಾಳಿ ಬೀಸಿದರೆ ಇಡೀ ಬ್ಲಾಕು ಅಲೆಅಲೆಯಾಗಿ ನಮ್ಮ ಗೇಟಿನವರೆಗೆ ಬಂದು ಹಿಂದೆ ಸರಿಯುತ್ತದೆ. ಸೈಟಿನ ಕಲ್ಲುಗಳು ನೀರಿನಿಂದ ತಲೆ ಎತ್ತಿದ ಹವಳದ ದಿಬ್ಬಗಳು. ಸರ್ವೆ ಮರಗಳಲ್ಲಿ ಸಮುದ್ರದ ಸದ್ದು. (ನಾನು ಸಮುದ್ರ ನೋಡಿರುವುದು ಒಂದೇ ಸಲ, ಮದರಾಸಿನಲ್ಲಿ. ನೋಡಿದ್ದೇನೆ ಎಂದು ನಂಬಿದ್ದೇನೆ.) ಗೋಡೆಯಿಲ್ಲದ ಮನೆಗಳ ಮುಂದೆ ಯಾರೋ ಚಾಪೆ ಹಾಸುತ್ತಾರೆ. ಯಾರಿಗೂ ಅವಸರವಿಲ್ಲ, ಇವತ್ತು ಮುಗಿದರೂ ಆಚೆ ದಡದಲ್ಲಿ ನಾಳೆ ಆಗಲೇ ಬಂದು ಕೂತಿದೆ. ಮರಳಿನ ಮೇಲೆ ಒಬ್ಬರು ನಡೆದು ಬರುತ್ತಾರೆ. ಮೊಣಕಾಲಿನವರೆಗೆ ಪಂಚೆ ಎತ್ತಿ ಕಟ್ಟಿದ್ದಾರೆ. ತೋರುಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಬಿಳುಪು. ಕಂಕುಳಲ್ಲಿ ಏನೋ ದುಂಡಗಿನದು. ಚಕ್ಕೋತವೋ, ತೆಂಗಿನಕಾಯಿಯೋ? ಹತ್ತಿರ ಹೋಗಿ ನೋಡೋಣವೆಂದು ಏಳುತ್ತೇನೆ.

“ಕಾಫಿ ಆರ್ತಾ ಇದೆ ರೀ,” ಎನ್ನುತ್ತಾಳೆ ಲಲಿತ.

ಪ್ರತಿ ಸಲವೂ ಅಲ್ಲಿಗೇ ಅಲೆ ಹಿಂದೆ ಹೋಗುತ್ತದೆ.

“ಸಮೋವಾ ಆಮೇಲಾಯ್ತು. ಲಾಲ್‌ಬಾಗಿಗೆ ಹೋಗಿ ಎಷ್ಟು ತಿಂಗಳಾಯ್ತು ಹೇಳಿ ನೋಡೋಣ,” ಎಂದೂ ಅನ್ನುತ್ತಾಳೆ. (ನೆನಪಿಲ್ಲ ಎಂದೆ. ಇದು ಮಾತ್ರ ನಿಜ.)

ರಾಯರು ಬಿಡುವವರೇ? ಪ್ಲಾನ್ ಮುಗಿದ ಮೇಲೆ ಪಾಸ್‌ಪೋರ್ಟಿನ ಅರ್ಜಿಯನ್ನೂ ತಂದುಕೊಟ್ಟರು. “ತುಂಬಿ ಇಟ್ಕೊಳ್ಳಿ ಸ್ವಾಮಿ, ಅದೇನು ಕೂಳು ಕೇಳುತ್ತಾ?” ಎಂದರು. ಹೆಸರು ಬರೆದೆ. ತಂದೆಯ ಹೆಸರು ಬರೆದೆ. ಹುಟ್ಟಿದ ತಾರೀಖಿಗೆ ಬಂದಾಗ ಪೆನ್ನು ನಿಂತಿತು.

“ಅಮ್ಮ, ನನ್ನ ಸ್ಕೂಲ್ ಸರ್ಟಿಫಿಕೇಟಿನಲ್ಲಿರೋ ತಾರೀಖು ಸರಿ ತಾನೇ?”

“ಅದೆಲ್ಲಿ ಸರಿ? ಸ್ಕೂಲಿಗೆ ಬೇಗ ಸೇರಿಸ್ಬೇಕು ಅಂತ ನಿಮ್ಮಪ್ಪಾನೇ ಎಂಟು ತಿಂಗಳು ಹಿಂದಕ್ಕೆ ಹಾಕಿಸಿದ್ರು. ಜಾತಕ ಟ್ರಂಕಲ್ಲಿದೆ, ನೋಡ್ಕೋ.”

ಹುಟ್ಟಿದ ದಿನವೂ ನಂಬುವ ಹಾಗಿಲ್ಲ! ಟ್ರಂಕು ತೆಗೆದೆ. ನ್ಯಾಫ್ತಲಿನ್ ಗುಂಡಿನ ವಾಸನೆ. ರೇಷ್ಮೆ ಸೀರೆ. ಅಪ್ಪನ ಕನ್ನಡಕದ ಡಬ್ಬಿ. ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಸುತ್ತಿದ ಜಾತಕದ ಕೆಳಗೆ, ದಾರದಿಂದ ಕಟ್ಟಿದ್ದ ಎರಡು ಕಾಗದ ಇದ್ದವು.

ಒಂದು, ಶಿವಮೊಗ್ಗದ ಮದುವೆಯ ಲಗ್ನಪತ್ರಿಕೆ. ಇನ್ನೊಂದು, ನನ್ನ ತಂತಿ. ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.

ಲಗ್ನಪತ್ರಿಕೆಯಲ್ಲಿ ಧಾರೆಯ ತಾರೀಖು, ಮುಂದೆ ಬುಧವಾರ ಎಂದು ಅಚ್ಚಾಗಿತ್ತು. ತಂತಿಯ ತಲೆಯ ಮೇಲೆ ಬೆಂಗಳೂರಿನಲ್ಲಿ ಅದನ್ನು ಕೊಟ್ಟ ತಾರೀಖು ಇತ್ತು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಸಲ ಓದಿದರೆ ನಂಬುವವನಲ್ಲ ನಾನು. ಮೂರು ಸಲ ಓದಿದೆ.

ಎರಡರಲ್ಲೂ ಒಂದೇ ತಾರೀಖು.

ಮಂಗಳವಾರ ಸೈಕಲ್ ಮನೆಯಲ್ಲೇ ಇತ್ತು. ಅಪ್ಪ ಎದೆ ಉರಿ ಎಂದಾಗ ನಾನು ಏನೆಂದೆ? ಅಜೀರ್ಣ ಇರಬೇಕು, ಸುಮ್ಮನೆ ಗಾಬರಿ ಬೇಡ ಎಂದೆನೇ? “ಧಾರೆ ಮುಗೀಲಿ ಬಿಡೋ, ಅವಳಿಗೆ ಹೇಳ್ಬೇಡ,” ಎಂದು ಅಪ್ಪನೇ ಹೇಳಿದರೆಂದು ಈಗ ನೆನಪಾಗುತ್ತಿದೆ. ಈಗ ನೆನಪಾಗುತ್ತಿದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಅನುಮಾನ.

ಕಾಗದ ಹಿಡಿದುಕೊಂಡು ಅಮ್ಮನ ಮುಂದೆ ಹೋಗಿ ಕೂತೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕಾಗದ ನೋಡಿದರು. ಮತ್ತೆ ಅಕ್ಕಿ ನೋಡಿದರು.

“ನಿಂಗೆ ಗೊತ್ತಿತ್ತಾ ಅಮ್ಮ?”

“ನಂಗೂ ಓದಕ್ಕೆ ಬರುತ್ತಲ್ಲೋ. ಮೇಷ್ಟ್ರ ಹೆಂಡ್ತಿ ನಾನು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಬಿಸಿಲು ಅಂತೆ, ಸೈಕಲ್ ಅಂತೆ, ಚಕ್ರದಲ್ಲಿ ಗಾಳಿ ಇರ್ಲಿಲ್ಲ ಅಂತೆ.” ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟರು. “ಕೇಳ್ತಾ ಕೇಳ್ತಾ, ನೀನು ಹೋಗಿದ್ಯೇನೋ ಅಂತ ನಂಗೂ ಅನ್ಸೋದು. ಆಮೇಲೆ ಟ್ರಂಕು ತೆಗೆದು ನೋಡ್ಕೊಳ್ತಿದ್ದೆ.”

 ಅಮ್ಮ ಮೊರವನ್ನು ಎರಡು ಸಲ ಕೇರಿದರು. ಹೊಟ್ಟು ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು.

“ಆ ಅರ್ಜಿ ತುಂಬಿ ಕಳ್ಸು,” ಎಂದರು. “ಹೋಗ್ಬಾ. ರಾಯರು ಅಷ್ಟು ಕಷ್ಟಪಟ್ಟು ಬರ್ಕೊಟ್ಟಿದಾರೆ.”

“ಅಲ್ಲಿ ಹೋಗಿ ಏನ್ಮಾಡ್ಲಿ ಅಮ್ಮ?”

“ಮಂಗಳವಾರ ಮಧ್ಯಾಹ್ನ ಇಳೀತೀಯ ತಾನೇ?” ಅಮ್ಮ ಆಗ ತಲೆ ಎತ್ತಿ ನನ್ನನ್ನು ನೋಡಿದರು. “ಇಳಿದ ತಕ್ಷಣ, ಕಾಫಿ ಗೀಫಿ ಅಂತ ಕೂತ್ಕೋಬೇಡ. ಮೊದಲು ಪೋಸ್ಟಾಫೀಸಿಗೆ ಹೋಗು.”

ಅಪಿಯಾದಲ್ಲಿ ಪೋಸ್ಟಾಫೀಸು ಎಷ್ಟು ಗಂಟೆಯವರೆಗೆ ತೆಗೆದಿರುತ್ತದೆ, ಓದುಗರಲ್ಲಿ ಯಾರಿಗಾದರೂ ಗೊತ್ತೇ?